ನಿಂತ ಆಟೋಮ್ಯಾಟಿಕ್ ಕಾರನ್ನು ಹಿಡಿದಿಡುವುದು ಯಾವುದು?

ತಂಬಾಕು ಹರಾಜು ಶುರುವಾಯಿತೆಂದರೆ ಹುಣಸೂರು, ಪಿರಿಯಾಪಟ್ಟಣದ ರಸ್ತೆಗಳ ಗತಿಯೇ ಬದಲಾಗುತ್ತದೆ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹರಾಜು ಕಟ್ಟೆಗಳಿಗೆ ಬೇಲ್ ಹೊತ್ತ ಗೂಡ್ಸ್ ಗಾಡಿಗಳು, ಕೊಡಗಿಗೆ ಹೊರಟ ಪ್ರವಾಸಿಗರ ಕಾರುಗಳು, ಸಾರಿಗೆ ಬಸ್ಸುಗಳು ಎಲ್ಲವೂ ರಾಷ್ಟ್ರೀಯ ಹೆದ್ದಾರಿ 275ರಲ್ಲೇ ಸೇರುತ್ತವೆ. ಕೆ.ಆರ್. ನಗರದ ಕಡೆ ಮೈಸೂರು–ಹಾಸನ ರೈಲು ಹಳಿ, ಕಬ್ಬಿನ ಟ್ರ್ಯಾಕ್ಟರುಗಳು, ಜನವರಿಯಲ್ಲಿ ಚುಂಚನಕಟ್ಟೆಯ ದನಗಳ ಜಾತ್ರೆ. ಎಚ್.ಡಿ. ಕೋಟೆಯಿಂದ ಬಾವಲಿಗೆ ಹೋಗುವ ಕಾಡಿನ ದಾರಿಯಲ್ಲಿ ಚೆಕ್‌ಪೋಸ್ಟು. ಬೆಂಗಳೂರಿನ ಸಿಗ್ನಲ್ಲಿನಲ್ಲಿ ಎಷ್ಟು ಸೆಕೆಂಡು ನಿಲ್ಲಬೇಕೆಂದು ದೀಪದ ಪಕ್ಕದಲ್ಲೇ ಬರೆದಿರಬಹುದು. ಇಲ್ಲಿ ಎದುರಿನ ಟ್ರ್ಯಾಕ್ಟರು ಅರೆಗಳಿಗೆಯಲ್ಲಿ ಸರಿಯುತ್ತದೋ ಕಾಲು ಗಂಟೆ ನಿಲ್ಲುತ್ತದೋ ಹೇಳುವವರಿಲ್ಲ. ಆದ್ದರಿಂದ ಆಟೋಮ್ಯಾಟಿಕ್ ಕಾರನ್ನು ‘ಡಿ’ಯಲ್ಲಿಟ್ಟು (ಡ್ರೈವ್) ಬ್ರೇಕ್ ತುಳಿದುಕೊಂಡೇ ಇರಬೇಕೋ, ‘ಎನ್’ಗೆ (ನ್ಯೂಟ್ರಲ್) ಹಾಕಬೇಕೋ, ‘ಪಿ’ಯೋ (ಪಾರ್ಕ್) ಎಂಬ ಪ್ರಶ್ನೆಗೆ ಎಲ್ಲ ನಿಲುಗಡೆಗೂ ಹೊಂದುವ ಒಂದೇ ಉತ್ತರವನ್ನು ಹುಡುಕುವುದೇ ತಪ್ಪು. ಕಾಯುವ ಹೊತ್ತು ಮತ್ತು ನೆಲದ ಇಳಿಜಾರು, ಇವೆರಡನ್ನು ನೋಡಿ ತೀರ್ಮಾನಿಸಬೇಕು.

ಮೊದಲು ಕಾರಿನೊಳಗೆ ಏನು ನಡೆಯುತ್ತದೆ ನೋಡೋಣ. ಟಾರ್ಕ್ ಕನ್ವರ್ಟರ್ ಇರುವ ಕಾರಿನಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇರುವುದು ಆಯಿಲ್. ಎದುರುಬದುರು ಇಟ್ಟ ಎರಡು ಫ್ಯಾನುಗಳಲ್ಲಿ ಒಂದರ ಗಾಳಿಗೆ ಇನ್ನೊಂದು ತಿರುಗುವಂತೆ, ಎಂಜಿನ್ ತಿರುಗಿಸಿದ ಆಯಿಲ್ ಗೇರ್‌ಬಾಕ್ಸನ್ನು ನೂಕುತ್ತದೆ. ‘ಡಿ’ಯಲ್ಲಿ ಬ್ರೇಕ್ ಬಿಟ್ಟ ಕೂಡಲೇ ಕಾರು ತಾನಾಗಿ ತೆವಳುವುದು ಇದಕ್ಕೇ. ಬ್ರೇಕ್ ಒತ್ತಿದರೆ ಚಕ್ರ ನಿಲ್ಲುತ್ತದೆ, ಆಯಿಲ್ ಕದಡುತ್ತಲೇ ಇದ್ದು ಸ್ವಲ್ಪ ಬಿಸಿಯಾಗುತ್ತದೆ. ಆ ಬಿಸಿಯನ್ನು ತಾಳುವಂತೆಯೇ ಕನ್ವರ್ಟರನ್ನು ಕಟ್ಟಿರುತ್ತಾರೆ. ಒಂದೆರಡು ನಿಮಿಷ ಹೀಗೆ ನಿಂತರೆ ಯಾವ ಹಾನಿಯೂ ಇಲ್ಲ. ನಮ್ಮ ಊರುಗಳಲ್ಲಿ ಹೆಚ್ಚು ಕಾಣುವ ಎಎಂಟಿ ಬೇರೆಯೇ ಜಾತಿ. 2014ರಲ್ಲಿ ಮಾರುತಿ ಸೆಲೆರಿಯೋದಿಂದ ಜನಪ್ರಿಯವಾದ ಈ ವ್ಯವಸ್ಥೆಯಲ್ಲಿ ಇರುವುದು ಮಾಮೂಲಿ ಕ್ಲಚ್ಚು, ಮಾಮೂಲಿ ಗೇರು; ಅವನ್ನು ಕಾಲು ಕೈಗಳ ಬದಲು ಯಂತ್ರ ನಡೆಸುತ್ತದೆ, ಅಷ್ಟೆ. ಬ್ರೇಕ್ ಒತ್ತಿ ನಿಂತಾಗ ಕ್ಲಚ್ ಬಿಟ್ಟುಕೊಂಡಿರುತ್ತದೆ, ಸವೆಯುವುದಿಲ್ಲ. ಸವೆಯುವುದು ಏರಿನಲ್ಲಿ ಬ್ರೇಕ್ ಬಿಟ್ಟು, ಆಕ್ಸಿಲರೇಟರನ್ನು ಚೂರು ಒತ್ತಿ ಕಾರನ್ನು ಹಿಂದೆ ಜಾರದಂತೆ ಹಿಡಿದಾಗ. ಆಗ ಕಾರಿನ ಪೂರ್ತಿ ಭಾರ ಅರ್ಧ ಕಚ್ಚಿಕೊಂಡ ಕ್ಲಚ್ಚಿನ ಮೇಲೆ. ಹುಣಸೂರು ಸೀಮೆ ಮಲೆನಾಡಲ್ಲ, ಒಪ್ಪೋಣ. ಆದರೆ ಅದೇ ಕಾರು ಕುಶಾಲನಗರ ದಾಟಿ ಮಡಿಕೇರಿಯ ಏರು ಹತ್ತುವುದೂ ಉಂಟಲ್ಲ. ಕ್ಲಚ್ ಸುಟ್ಟ ವಾಸನೆ ಬಂದರೆ ಬೈಯಬೇಕಾದದ್ದು ಕಂಪನಿಯನ್ನಲ್ಲ, ಈ ಅಭ್ಯಾಸವನ್ನು.

ಹಾಗಾದರೆ ಯಾವಾಗಲೂ ಬ್ರೇಕ್ ಪೆಡಲ್ ಮೇಲೇ ಕಾಲಿಟ್ಟಿದ್ದರೆ ಸಾಕಲ್ಲ ಎನ್ನಬಹುದು. ಚಿಕ್ಕ ನಿಲುಗಡೆಗೆ ಸಾಕು. ಕಾಯುವುದು ಉದ್ದವಾದಾಗ ತೊಂದರೆ ಯಂತ್ರದ್ದಲ್ಲ, ಕಾಲಿನದು. ಕಾಲು ಸೋಲುತ್ತದೆ, ಫೋನ್ ಬಡಿದುಕೊಳ್ಳುತ್ತದೆ, ಹಿಂದಿನ ಸೀಟಿನ ಮಗುವಿನ ಕಡೆ ತಿರುಗಿದಾಗ ಪಾದ ಚೂರು ಸಡಿಲವಾಗುತ್ತದೆ. ಕಾರು ತೆವಳಿ ಮುಂದಿನ ಬೈಕಿಗೆ ತಾಗುತ್ತದೆ. ರೈಲ್ವೆ ಗೇಟು ಬಿದ್ದಿದ್ದರೆ ಬ್ರೇಕ್ ಒತ್ತಿಕೊಂಡೇ ಹ್ಯಾಂಡ್ ಬ್ರೇಕ್ ಎಳೆದು ‘ಎನ್’ಗೆ ಹಾಕಿ, ಆಮೇಲೆ ಕಾಲು ತೆಗೆಯುವುದು ಸರಿ. ಈ ಕ್ರಮ ತಪ್ಪಬಾರದು: ಹ್ಯಾಂಡ್ ಬ್ರೇಕ್ ಇಲ್ಲದ ‘ಎನ್’ ಎಂದರೆ ಹಿಡಿತವೇ ಇಲ್ಲದ ಕಾರು. ಪದೇ ಪದೇ ‘ಎನ್’ಗೆ ಹಾಕಿದರೆ ಗೇರ್‌ಬಾಕ್ಸ್ ಸವೆಯುತ್ತದೆ ಎನ್ನುವವರ ಮಾತಿನಲ್ಲೂ ಸತ್ಯವಿದೆ. ಬೇಗ ಬೇಗ ಸರಿಯುವ ಸಾಲಿನಲ್ಲಿ ಲಿವರನ್ನು ಆಡಿಸುತ್ತಿರುವುದರಿಂದ ಲಾಭವಿಲ್ಲ, ಅಲ್ಲಿ ‘ಡಿ’ಯಲ್ಲೇ ಇರಿ. ಪೆಟ್ರೋಲ್ ಉಳಿಸುವುದೇ ಗುರಿಯಾದರೆ ಗೇಟು ಬಿದ್ದಾಗ ಎಂಜಿನ್ ಆರಿಸಿದರೆ ಉಳಿಯುವುದರ ಮುಂದೆ ‘ಎನ್’ನಿಂದ ಉಳಿಯುವುದು ಲೆಕ್ಕಕ್ಕಿಲ್ಲ.

ಹ್ಯಾಂಡ್ ಬ್ರೇಕಿಗೆ ಇರುವ ಗಟ್ಟಿಯಾದ ಆಕ್ಷೇಪ ಬೇರೆ: ಅದನ್ನು ಎಳೆದರೆ ಹಿಂದಿನ ಬ್ರೇಕ್ ದೀಪ ಉರಿಯುವುದಿಲ್ಲ. ರಾತ್ರಿ ಹಳ್ಳಿ ರಸ್ತೆಯಲ್ಲಿ ಇದು ಸಣ್ಣ ವಿಷಯವಲ್ಲ. ಸಾಲಿನ ಕೊನೆಯಲ್ಲಿರುವವರು ಹಿಂದೆ ಇನ್ನೊಂದು ವಾಹನ ಬಂದು ನಿಲ್ಲುವವರೆಗೆ ಬ್ರೇಕ್ ಪೆಡಲ್ ಬಿಡಬಾರದು. ಅದು ನಿಂತ ಮೇಲೆ ಬಿಟ್ಟರೆ ಅದರ ಚಾಲಕನ ಕಣ್ಣಿಗೂ ಕೆಂಪು ಬೆಳಕಿನ ಕಾಟ ತಪ್ಪುತ್ತದೆ. ಕಾಲು ತೆಗೆದರೂ ಬ್ರೇಕನ್ನು ತಾನೇ ಹಿಡಿದಿಡುವ ಆಟೋ ಹೋಲ್ಡ್ ಇರುವ ಕಾರಿನವರಿಗೆ ಈ ಗೋಜಲು ಕಡಿಮೆ, ಬಳಸಲಿ. ಏರಿನಲ್ಲಿ ಹೊರಡುವಾಗ ನೆರವಾಗುವ ಹಿಲ್ ಹೋಲ್ಡ್ ಅನ್ನು ಮಾತ್ರ ಅದರೊಂದಿಗೆ ಗೊಂದಲ ಮಾಡಿಕೊಳ್ಳಬಾರದು, ಅದು ಹಿಡಿಯುವುದು ಒಂದೆರಡು ಸೆಕೆಂಡು.

‘ಪಿ’ಯೇ ಎಲ್ಲಕ್ಕಿಂತ ಭದ್ರ ಎಂಬ ನಂಬಿಕೆಯಿದೆ. ನಿಲ್ಲಿಸಿಟ್ಟ ಕಾರಿಗೆ ಅದು ನಿಜ, ಸಾಲಿನಲ್ಲಿ ನಿಂತ ಕಾರಿಗೆ ಅಲ್ಲ. ‘ಪಿ’ ಹಾಕಿದಾಗ ಗೇರ್‌ಬಾಕ್ಸಿನೊಳಗೆ ಉಕ್ಕಿನ ಸಣ್ಣ ಕೊಕ್ಕೆಯೊಂದು ಹಲ್ಲುಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ಲಾರಿ ಗುದ್ದಿದರೆ ಪೆಟ್ಟು ಆ ಕೊಕ್ಕೆಗೂ ಬೀಳುತ್ತದೆ. ಲಿವರ್ ಇರುವ ಕಾರುಗಳಲ್ಲಿ ‘ಡಿ’ಯಿಂದ ‘ಪಿ’ಗೆ ಹೋಗಲು ‘ಆರ್’ ದಾಟಬೇಕು; ರಿವರ್ಸ್ ದೀಪ ಮಿನುಗಿ ಹಿಂದಿನವನು ಗಾಬರಿಯಾಗುತ್ತಾನೆ. ಸೆಲೆರಿಯೋದಂಥ ಹಲವು ಎಎಂಟಿ ಕಾರುಗಳಲ್ಲಂತೂ ‘ಪಿ’ಯೇ ಇಲ್ಲ. ಅವನ್ನು ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲೇ ಇಟ್ಟು ಎಂಜಿನ್ ಆರಿಸಿ ನಿಲ್ಲಿಸಬೇಕು.

ಎಳನೀರು ಕುಡಿಯಲೆಂದೋ ಮುಂದೆ ಏನಾಗಿದೆ ನೋಡಲೆಂದೋ ಎಂಜಿನ್ ಓಡುತ್ತಿರುವ ಕಾರನ್ನು ‘ಡಿ’ಯಲ್ಲಿ ಬಿಟ್ಟು ಇಳಿಯುವುದು ಮಾತ್ರ ಯಾವ ವಾದಕ್ಕೂ ನಿಲ್ಲದ ತಪ್ಪು. ಲೈಸೆನ್ಸ್ ಇರುವವರು ಚಾಲಕನ ಸೀಟಿನಲ್ಲಿ ಇಲ್ಲದಿದ್ದರೆ ಎಂಜಿನ್ ಆರಿಸಿ, ವಾಹನ ತಾನಾಗಿ ಚಲಿಸದಂತೆ ಬ್ರೇಕ್ ಹಾಕಿರಬೇಕು ಎಂದು 1988ರ ಮೋಟಾರು ವಾಹನ ಕಾಯ್ದೆಯ 126ನೇ ಸೆಕ್ಷನ್ ಹೇಳುತ್ತದೆ.