ಬಂಡಾಯದ ಕವಿ, ಬಲಿಪೂಜೆ ಕಳೆದುಕೊಂಡ ಪಾದ್ರಿ

1983ರ ಮಾರ್ಚ್ 4. ಮಧ್ಯ ಅಮೆರಿಕದ ಪುಟ್ಟ ದೇಶ ನಿಕರಾಗುವಾದ ರಾಜಧಾನಿ ಮನಾಗುವಾದ ವಿಮಾನ ನಿಲ್ದಾಣ. ಸ್ವಾಗತಕ್ಕೆಂದು ಸಾಲಾಗಿ ನಿಂತ ಮಂತ್ರಿಗಳ ಮುಂದೆ ಪೋಪ್ ಎರಡನೆಯ ಜಾನ್ ಪಾಲ್ ಹಾದು ಬರುತ್ತಿದ್ದರು. ಬಿಳಿಗಡ್ಡದ ಮಂತ್ರಿಯೊಬ್ಬರು ತಲೆಯ ಮೇಲಿನ ಟೋಪಿ ತೆಗೆದು, ಮೊಣಕಾಲೂರಿ, ಪೋಪರ ಉಂಗುರಕ್ಕೆ ಮುತ್ತಿಡಲು ಕೈ ಚಾಚಿದರು. ಪೋಪ್ ಕೈ ಹಿಂದಕ್ಕೆಳೆದುಕೊಂಡರು. ತೋರುಬೆರಳು ಆಡಿಸುತ್ತಾ ಗದರಿಸಿದರು. ಧರ್ಮಸಭೆಯೊಡನೆ ನಿಮ್ಮ ಸಂಬಂಧವನ್ನು ಮೊದಲು ಸರಿಪಡಿಸಿಕೊಳ್ಳಿ ಎಂಬುದು ಆ ಮಾತಿನ ತಿರುಳು. ಮಂಡಿಯೂರಿದ ಮಂತ್ರಿ, ಎತ್ತಿದ ಬೆರಳಿನ ಪೋಪ್: ಈ ಛಾಯಾಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಅಚ್ಚಾಯಿತು.

ಆ ಮಂತ್ರಿಯ ಹೆಸರು ಎರ್ನೆಸ್ಟೊ ಕಾರ್ಡೆನಾಲ್. ಅವರು ಕೆಥೊಲಿಕ್ ಪಾದ್ರಿ, ಸ್ಪ್ಯಾನಿಷ್ ಭಾಷೆಯ ದೊಡ್ಡ ಕವಿ, ಕ್ರಾಂತಿಕಾರಿ ಸರ್ಕಾರದ ಸಂಸ್ಕೃತಿ ಸಚಿವ. ಪೂಜೆ ಮಾಡಬೇಕಾದವನು ರಾಜ್ಯವಾಳಬಹುದೇ ಎಂಬ ಪ್ರಶ್ನೆ ಹಳೆಯದು. ಕಾರ್ಡೆನಾಲ್ ಅದಕ್ಕೆ ತಮ್ಮ ಬದುಕಿನಿಂದಲೇ ಉತ್ತರ ಕೊಡಲು ಹೊರಟರು. ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ.

ಮಠ ಸೇರಿದ ಬಂಡಾಯಗಾರ

ಕಾರ್ಡೆನಾಲ್ ಹುಟ್ಟಿದ್ದು 1925ರ ಜನವರಿ 20ರಂದು, ಗ್ರನಾಡಾ ನಗರದ ಅನುಕೂಲಸ್ಥ ಮನೆತನದಲ್ಲಿ. ಮೆಕ್ಸಿಕೊದಲ್ಲಿ, ಆನಂತರ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ ಓದಿ ಊರಿಗೆ ಮರಳಿದಾಗ ದೇಶ ಅನಸ್ತಾಸಿಯೊ ಸೊಮೋಜಾನ ಮುಷ್ಟಿಯಲ್ಲಿತ್ತು. ಆ ಕುಟುಂಬ 1937ರಿಂದ 1979ರವರೆಗೆ, ತಂದೆಯ ನಂತರ ಇಬ್ಬರು ಮಕ್ಕಳು ಎಂಬಂತೆ, ದೇಶವನ್ನು ಸ್ವಂತ ಜಹಗೀರಿನಂತೆ ಆಳಿತು.

1954ರ ಏಪ್ರಿಲ್‌ನಲ್ಲಿ ಸೊಮೋಜಾನನ್ನು ಕೆಳಗಿಳಿಸಲು ನಡೆದ ಸಂಚಿನಲ್ಲಿ ಯುವಕ ಕಾರ್ಡೆನಾಲ್ ಪಾಲ್ಗೊಂಡರು. ಸಂಚು ಬಯಲಾಯಿತು. ಗೆಳೆಯರು ಹಲವರು ಹತರಾದರು, ಇವರು ಬದುಕುಳಿದರು. ಆ ಏಪ್ರಿಲ್‌ನ ಸಾವುಗಳು ಮುಂದೆ ಅವರ ‘ಶೂನ್ಯ ವೇಳೆ’ ಎಂಬ ದೀರ್ಘ ಕವಿತೆಗೆ ವಸ್ತುವಾದವು.

1956ರಲ್ಲಿ ಅವರ ಬದುಕು ಅನಿರೀಕ್ಷಿತ ತಿರುವು ಪಡೆಯಿತು. ಆಳವಾದ ಧಾರ್ಮಿಕ ಅನುಭವವೊಂದಕ್ಕೆ ಒಳಗಾದ ಅವರು ಮರುವರ್ಷ ಅಮೆರಿಕದ ಕೆಂಟಕಿ ರಾಜ್ಯದ ಗೆತ್ಸೆಮನಿ ಎಂಬ ಟ್ರಾಪಿಸ್ಟ್ ಮಠ ಸೇರಿದರು. ಮೌನವೇ ವ್ರತವಾದ ಮಠ ಅದು. ಅಲ್ಲಿ ಹೊಸಬರ ಗುರುವಾಗಿದ್ದವರು ಸ್ವತಃ ಕವಿಯಾದ ಥಾಮಸ್ ಮರ್ಟನ್. ಕಾರ್ಡೆನಾಲ್ ಕವಿತೆ ಬರೆಯುವಂತಿರಲಿಲ್ಲ. ಟಿಪ್ಪಣಿ ಮಾತ್ರ ಮಾಡಿಕೊಳ್ಳಬಹುದಿತ್ತು. ಎರಡು ವರ್ಷಗಳಲ್ಲಿ ಆರೋಗ್ಯ ಕೆಟ್ಟು ಮಠ ಬಿಡಬೇಕಾಯಿತು. ಆದರೆ ಮರ್ಟನ್ ಬಿತ್ತಿದ ಒಂದು ಮಾತು ಉಳಿಯಿತು. ನಿನ್ನ ನಾಡಿನಲ್ಲೇ, ಬಡವರ ನಡುವೆ, ಗೋಡೆಯಿಲ್ಲದ ಸಣ್ಣ ಆಶ್ರಮವೊಂದನ್ನು ಕಟ್ಟು ಎಂಬುದೇ ಆ ಮಾತಿನ ಆಶಯ.

ದ್ವೀಪದ ಬಲಿಪೂಜೆ

1965ರಲ್ಲಿ ಗುರುದೀಕ್ಷೆ ಪಡೆದ ಕಾರ್ಡೆನಾಲ್ ಮರುವರ್ಷವೇ ನಿಕರಾಗುವಾ ಮಹಾಸರೋವರದ ದಕ್ಷಿಣ ತುದಿಯ ಸೊಲೆಂಟಿನಾಮೆ ದ್ವೀಪಸ್ತೋಮಕ್ಕೆ ಹೋಗಿ ನೆಲೆಸಿದರು. ಅಲ್ಲಿದ್ದವರು ಮೀನುಗಾರರು, ಬಡ ರೈತರು. ಇಲ್ಲಿನ ಭಾನುವಾರದ ಬಲಿಪೂಜೆಯಲ್ಲಿ ಪಾದ್ರಿಯ ಪ್ರವಚನವಿರುತ್ತಿರಲಿಲ್ಲ. ಶುಭಸಂದೇಶದ ಒಂದು ಭಾಗ ಓದುತ್ತಿದ್ದರು. ಅದರ ಅರ್ಥವನ್ನು ನೆರೆದ ಜನರೇ ಚರ್ಚಿಸುತ್ತಿದ್ದರು. ಹಸುಗೂಸುಗಳನ್ನು ಕೊಲ್ಲಿಸಿದ ಹೆರೋದ ಅರಸನ ಕಥೆ ಬಂದಾಗ ದ್ವೀಪದ ಜನಕ್ಕೆ ಕಾಣುತ್ತಿದ್ದುದು ಸೊಮೋಜಾನ ಮುಖ. ಕಾರ್ಡೆನಾಲ್ ಈ ಮಾತುಕತೆಗಳನ್ನು ಧ್ವನಿಮುದ್ರಿಸಿ ‘ಸೊಲೆಂಟಿನಾಮೆಯ ಶುಭಸಂದೇಶ’ ಎಂಬ ಹೆಸರಿನಲ್ಲಿ ಪ್ರಕಟಿಸಿದರು. 1975ರಿಂದ ಹೊರಬಂದ ಈ ಸಂಪುಟಗಳು ಹಲವು ಭಾಷೆಗಳಿಗೆ ಅನುವಾದಗೊಂಡಿವೆ.

ಸೋರೆಬುರುಡೆಗಳ ಮೇಲೆ ರೈತರು ಕೊರೆಯುತ್ತಿದ್ದ ಚಿತ್ತಾರ ಕಂಡು ಅವರ ಕೈಗೆ ಬಣ್ಣ, ಕುಂಚ ಕೊಡಿಸಿದವರೂ ಅವರೇ. ಎಲೆ ಎಲೆಯನ್ನೂ ಬಿಡಿಸಿ ತೋರಿಸುವ ಸೊಲೆಂಟಿನಾಮೆ ಚಿತ್ರಶೈಲಿ ಹುಟ್ಟಿದ್ದು ಹೀಗೆ.

ಲ್ಯಾಟಿನ್ ಅಮೆರಿಕದಲ್ಲಿ ‘ವಿಮೋಚನಾ ದೇವತಾಶಾಸ್ತ್ರ’ ಬೆಳೆಯುತ್ತಿದ್ದ ಕಾಲವದು. ದೇವರು ಬಡವರ ಪಕ್ಷಪಾತಿ. ಬಡತನ ವಿಧಿಯಲ್ಲ, ಮನುಷ್ಯರೇ ಮಾಡಿದ ಅನ್ಯಾಯ. ಅದನ್ನು ಬದಲಿಸುವುದೂ ಧರ್ಮಕಾರ್ಯ ಎಂಬುದು ಅದರ ಸಾರ. ಕಾರ್ಡೆನಾಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1970ರಲ್ಲಿ ಕ್ಯೂಬಾ ನೋಡಿ ಬಂದ ಮೇಲೆ, ತಾನು ಕ್ರೈಸ್ತನೂ ಹೌದು, ಮಾರ್ಕ್ಸ್‌ವಾದಿಯೂ ಹೌದು ಎನ್ನತೊಡಗಿದರು.

1977ರ ಅಕ್ಟೋಬರ್ 13ರಂದು ದ್ವೀಪದ ಯುವಕ ಯುವತಿಯರು ಸಾಂಡಿನಿಸ್ಟಾ ಗೆರಿಲ್ಲಾಗಳೊಂದಿಗೆ ಸೇರಿ ಸಾನ್ ಕಾರ್ಲೋಸ್ ಪಟ್ಟಣದ ಸೇನಾಠಾಣೆಯ ಮೇಲೆ ದಾಳಿ ನಡೆಸಿದರು. ಎಲ್ವಿಸ್ ಚವರಿಯಾ, ಡೊನಾಲ್ಡ್ ಗೆವಾರಾ ಎಂಬ ಇಬ್ಬರು ಸೆರೆಸಿಕ್ಕು ಹತರಾದರು. ಸೊಮೋಜಾನ ಸೈನಿಕರು ಬಂದು ಆಶ್ರಮವನ್ನು ನಾಶ ಮಾಡಿದರು. ಕಾರ್ಡೆನಾಲ್ ದೇಶಭ್ರಷ್ಟರಾದರು.

ಅದೇ ವರ್ಷದ ಕೊನೆಯಲ್ಲಿ ಅವರು ಬರೆದ ಬಹಿರಂಗ ಪತ್ರದಲ್ಲಿ ಭಾರತೀಯ ಓದುಗರು ತಡೆದು ನಿಲ್ಲಬೇಕಾದ ಮಾತೊಂದಿದೆ. ಮೊದಲು ತಾವೂ ಅಹಿಂಸೆಯ ದಾರಿಯನ್ನೇ ಬಯಸಿದ್ದೆವು, ಆದರೆ ನಿಕರಾಗುವಾದಲ್ಲಿ ಅದು ಸಾಧ್ಯವಿಲ್ಲವೆಂದು ಕಂಡುಕೊಂಡೆವು, ಗಾಂಧಿಯೂ ಇದನ್ನು ಒಪ್ಪುತ್ತಿದ್ದರು ಎಂಬ ಅರ್ಥದಲ್ಲಿ ಅವರು ಬರೆದರು. ಗಾಂಧೀಜಿ ಒಪ್ಪುತ್ತಿದ್ದರೇ? ಗಾಂಧಿಯನ್ನು ಬಲ್ಲವರು ಸುಲಭವಾಗಿ ಹೌದೆನ್ನಲಾರರು. ಆದರೆ ಬಂದೂಕು ಹಿಡಿದ ಹುಡುಗರ ಪರ ನಿಂತ ಪಾದ್ರಿಗೆ ತನ್ನ ಸಮರ್ಥನೆಗಾಗಿ ಗಾಂಧಿಯ ಹೆಸರೇ ಬೇಕಾಯಿತು ಎಂಬುದು, ಆ ನಿರ್ಧಾರ ಅವರಿಗೂ ಸುಲಭವಾಗಿರಲಿಲ್ಲ ಎಂಬುದನ್ನು ಸೂಚಿಸುತ್ತದೆ.

ಸರ್ಕಾರದಲ್ಲಿ ಪಾದ್ರಿಗಳು

1979ರ ಜುಲೈ 19ರಂದು ಸಾಂಡಿನಿಸ್ಟಾಗಳು ಗೆದ್ದರು. ಕಾರ್ಡೆನಾಲ್ ಸಂಸ್ಕೃತಿ ಸಚಿವರಾದರು. ಸೊಮೋಜಾನ ಮಹಲೊಂದರಲ್ಲೇ ಅವರ ಸಚಿವಾಲಯ ನಡೆಯಿತು. ಇನ್ನೊಬ್ಬ ಪಾದ್ರಿ ಮಿಗೆಲ್ ದೆಸ್ಕೊಟೊ ವಿದೇಶಾಂಗ ಸಚಿವರಾದರು. ಕಾರ್ಡೆನಾಲರ ತಮ್ಮ, ಯೇಸುಸಭೆಯ ಪಾದ್ರಿ ಫೆರ್ನಾಂಡೊ, 1980ರ ಸಾಕ್ಷರತಾ ಆಂದೋಲನದ ಹೊಣೆ ಹೊತ್ತರು. ಸರ್ಕಾರದ ಲೆಕ್ಕದಂತೆ ಐದೇ ತಿಂಗಳಲ್ಲಿ ಅನಕ್ಷರಸ್ಥರ ಪ್ರಮಾಣ ಶೇ 50ರಿಂದ ಶೇ 13ರ ಆಸುಪಾಸಿಗೆ ಇಳಿಯಿತು.

ಅಕ್ಷರ ಕಲಿತವರ ಕೈಗೆ ಕವಿತೆಯನ್ನೂ ಕೊಡಬೇಕೆಂಬುದು ಅಣ್ಣನ ಹಟ. ಸೇನೆ, ಪೊಲೀಸ್ ಠಾಣೆ, ಕಾರ್ಖಾನೆ, ಬಡ ಬಡಾವಣೆಗಳಲ್ಲಿ ಕಾವ್ಯ ಕಮ್ಮಟಗಳು ನಡೆದವು. ಕಾರ್ಡೆನಾಲ್ ಹೇಳಿಕೊಟ್ಟ ನಿಯಮಗಳು ಸರಳ: ಪ್ರಾಸ ಬೇಡ. ಮರ ಎನ್ನಬೇಡಿ, ಯಾವ ಮರವೋ ಅದರ ಹೆಸರು ಹೇಳಿ. ಹಕ್ಕಿ ಎನ್ನಬೇಡಿ, ಯಾವ ಹಕ್ಕಿಯೋ ಹೇಳಿ. ಭಾವನೆಯನ್ನು ವರ್ಣಿಸುವ ಬದಲು ಕಂಡದ್ದನ್ನು ಬರೆಯಿರಿ. ಪೊಲೀಸರು, ಸೈನಿಕರು ಕವಿಗಳಾದರು. ಎಲ್ಲರ ಕವಿತೆಗಳೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆ ಎಂಬ ಟೀಕೆಯೂ ಬಂತು. ಟೀಕಿಸಿದವರಲ್ಲಿ ಕ್ರಾಂತಿಯ ನಾಯಕ ಡೇನಿಯಲ್ ಒರ್ಟೇಗಾರ ಜೀವನಸಂಗಾತಿ, ಕವಯಿತ್ರಿ ರೊಸಾರಿಯೊ ಮುರಿಲ್ಲೊ ಅವರ ಬಳಗ ಮುಂದಿತ್ತು. ಯುದ್ಧದ ಖರ್ಚಿನಲ್ಲಿ ದೇಶ ಬರಿದಾದಾಗ, 1980ರ ದಶಕದ ಕೊನೆಗೆ, ಆ ಸಚಿವಾಲಯವೇ ಮುಚ್ಚಿಹೋಯಿತು.

ರೋಮಿನ ವಾದವೇನು?

ಪೋಪರ ಸಿಟ್ಟಿಗೂ ಕಾರಣವಿತ್ತು. ಪಾದ್ರಿ ಎಲ್ಲರಿಗೂ ಸೇರಿದವನು. ಅಧಿಕಾರ ಹಿಡಿದರೆ ಒಂದು ಪಕ್ಷದವನಾಗುತ್ತಾನೆ ಎಂಬುದು ಧರ್ಮಸಭೆಯ ನಿಲುವು. ಆಡಳಿತಾಧಿಕಾರವುಳ್ಳ ಸಾರ್ವಜನಿಕ ಹುದ್ದೆಗಳನ್ನು ಪಾದ್ರಿಗಳು ವಹಿಸಕೂಡದೆಂದು 1983ರ ಧರ್ಮಸಭಾ ಸಂಹಿತೆಯೂ ಹೇಳುತ್ತದೆ. ಅಮೆರಿಕದ ಸಂಸತ್ ಸದಸ್ಯರಾಗಿದ್ದ ಯೇಸುಸಭೆಯ ಪಾದ್ರಿ ರಾಬರ್ಟ್ ಡ್ರೈನನ್ 1980ರಲ್ಲಿ ಇಂಥದೇ ಆದೇಶಕ್ಕೆ ತಲೆಬಾಗಿ ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. ಮೇಲಾಗಿ, ಕಮ್ಯುನಿಸ್ಟ್ ಆಡಳಿತದ ಪೋಲೆಂಡಿನಿಂದ ಬಂದ ಪೋಪರಿಗೆ ಮಾರ್ಕ್ಸ್‌ವಾದಿ ಪಾದ್ರಿ ಎಂಬ ಮಾತೇ ಅರಗದ ತುತ್ತು.

1981ರಲ್ಲಿ ಅಲ್ಲಿನ ಧರ್ಮಾಧ್ಯಕ್ಷರು ರಾಜಿಸೂತ್ರವೊಂದನ್ನು ಮಾಡಿದ್ದರು: ಹುದ್ದೆಯಲ್ಲಿರುವಷ್ಟು ಕಾಲ ಸಂಸ್ಕಾರಗಳನ್ನು ನೆರವೇರಿಸತಕ್ಕದ್ದಲ್ಲ. ಅದೂ ಉಳಿಯಲಿಲ್ಲ. 1980ರ ದಶಕದ ಮಧ್ಯಭಾಗದಲ್ಲಿ ಕಾರ್ಡೆನಾಲರನ್ನು ಪಾದ್ರಿಯ ಕರ್ತವ್ಯಗಳಿಂದ ಅಮಾನತು ಮಾಡಲಾಯಿತು. ಇದು ಬಹಿಷ್ಕಾರವಲ್ಲ. ಅವರು ಪಾದ್ರಿಯಾಗಿಯೇ ಉಳಿದರು; ಆದರೆ ಬಲಿಪೂಜೆ ಅರ್ಪಿಸುವಂತಿಲ್ಲ, ಪಾಪನಿವೇದನೆ ಕೇಳುವಂತಿಲ್ಲ. ತಮ್ಮ ಫೆರ್ನಾಂಡೊ ಯೇಸುಸಭೆಯಿಂದಲೇ ಹೊರಬೀಳಬೇಕಾಯಿತು. 1990ರ ದಶಕದಲ್ಲಿ ಮರಳಿ ಸೇರಿದರು. ಅಣ್ಣನಿಗೆ ಮಂತ್ರಿಗಿರಿ ಹೋದ ಮೇಲೂ ಅಮಾನತು ತೆರವಾಗಲಿಲ್ಲ.

ಪಕ್ಷವೂ ದೂರವಾಯಿತು

ಇತ್ತ ಕ್ರಾಂತಿಯೂ ಕೈಜಾರಿತ್ತು. 1990ರ ಚುನಾವಣೆಯಲ್ಲಿ ಸಾಂಡಿನಿಸ್ಟಾಗಳು ಸೋತರು. ಅಧಿಕಾರ ಬಿಡುವ ಮುನ್ನ ನಾಯಕರು ಹಲವರು ಮನೆ, ಜಮೀನು ತಮ್ಮದಾಗಿಸಿಕೊಂಡರು. ಒರ್ಟೇಗಾರ ಏಕಾಧಿಪತ್ಯವನ್ನು ದೂರಿ ಕಾರ್ಡೆನಾಲ್ 1994ರಲ್ಲಿ ಪಕ್ಷ ತೊರೆದರು. ಆತ್ಮಕಥೆಯ ಮೂರನೆಯ ಸಂಪುಟಕ್ಕೆ ಅವರಿಟ್ಟ ಹೆಸರು ‘ಕಳೆದುಹೋದ ಕ್ರಾಂತಿ’. 2007ರಲ್ಲಿ ಒರ್ಟೇಗಾ ಮತ್ತೆ ಅಧ್ಯಕ್ಷರಾದ ಮೇಲೆ ಹಳೆಯ ಸಂಗಾತಿಯೇ ಸರ್ಕಾರದ ಕಣ್ಣಿಗೆ ವೈರಿಯಾದರು. ಕೋರ್ಟು ಕಟಕಟೆಯನ್ನೂ ಕಂಡರು. 2018ರ ಪ್ರತಿಭಟನೆಗಳನ್ನು ಸರ್ಕಾರ ರಕ್ತ ಹರಿಸಿ ಹತ್ತಿಕ್ಕಿದಾಗ 93ರ ಇಳಿವಯಸ್ಸಿನಲ್ಲೂ ಅವರು ಬೀದಿಗಿಳಿದ ಹುಡುಗರ ಪರ ಮಾತನಾಡಿದರು.

2019ರ ಫೆಬ್ರುವರಿಯಲ್ಲಿ, 94 ವರ್ಷದ ಕಾರ್ಡೆನಾಲ್ ಮನಾಗುವಾದ ಆಸ್ಪತ್ರೆಯಲ್ಲಿದ್ದಾಗ, ಪೋಪ್ ಫ್ರಾನ್ಸಿಸ್ ಅಮಾನತನ್ನು ತೆರವುಗೊಳಿಸಿದರು. ಸಹಾಯಕ ಧರ್ಮಾಧ್ಯಕ್ಷ ಸಿಲ್ವಿಯೊ ಬಾಯೆಸ್ ಅವರ ಹಾಸಿಗೆಯ ಬಳಿ ಮೊಣಕಾಲೂರಿ ಪಾದ್ರಿಯ ಆಶೀರ್ವಾದ ಬೇಡಿದರು. ಈ ಸಲ ಮಂಡಿಯೂರಿದವರು ಧರ್ಮಾಧ್ಯಕ್ಷರು. ಮೂರು ದಶಕಗಳಿಗೂ ಹೆಚ್ಚು ಕಾಲದ ಬಳಿಕ ಕಾರ್ಡೆನಾಲ್ ಮತ್ತೆ ಬಲಿಪೂಜೆ ಅರ್ಪಿಸಿದರು.

2020ರ ಮಾರ್ಚ್ 1ರಂದು ಅವರು ತೀರಿಕೊಂಡರು. ಸರ್ಕಾರ ಮೂರು ದಿನಗಳ ಶೋಕ ಸಾರಿತು. ಆದರೆ ಮಾರ್ಚ್ 3ರಂದು ಮನಾಗುವಾದ ಪ್ರಧಾನಾಲಯದಲ್ಲಿ ಅಂತಿಮ ಪೂಜೆ ನಡೆಯುವಾಗ ಕೆಂಪು-ಕಪ್ಪು ವಸ್ತ್ರ ಸುತ್ತಿಕೊಂಡ ಒರ್ಟೇಗಾ ಬೆಂಬಲಿಗರು ದ್ರೋಹಿ ಎಂದು ಕೂಗಿದರು. ಬಂಧುಗಳು ಶವಪೆಟ್ಟಿಗೆಯನ್ನು ಪಕ್ಕದ ಬಾಗಿಲಿನಿಂದ ಸಾಗಿಸಬೇಕಾಯಿತು. ಕೆಂಪು-ಕಪ್ಪು ಸಾಂಡಿನಿಸ್ಟಾ ಬಾವುಟದ ಬಣ್ಣ. 1977ರಲ್ಲಿ ದ್ವೀಪದ ಮಕ್ಕಳು ಪ್ರಾಣ ಕೊಟ್ಟದ್ದೂ ಆ ಬಾವುಟಕ್ಕೇ.

ಪಾದ್ರಿ ರಾಜಕೀಯಕ್ಕಿಳಿಯಬಾರದು ಎನ್ನುವವರಿಗೆ ಈ ಕಥೆಯಲ್ಲಿ ಪುರಾವೆ ಸಿಗುತ್ತದೆ: ಅವರು ನಂಬಿದ ಪಕ್ಷ ಕೊನೆಗೆ ಇನ್ನೊಂದು ಕುಟುಂಬದ ಆಳ್ವಿಕೆಯಾಗಿ ಮುಗಿಯಿತು. ಇಳಿಯಲೇಬೇಕು ಎನ್ನುವವರಿಗೂ ಸಿಗುತ್ತದೆ: ಓದು ಬಾರದಿದ್ದವರು ಓದಿದರು, ಮಾತು ಬಾರದೆಂದು ಕುಳಿತವರು ದೇವರ ವಾಕ್ಯಕ್ಕೆ ಅರ್ಥ ಹೇಳಿದರು. ಕಾರ್ಡೆನಾಲ್ ಮಾತ್ರ ಯಾವ ಪಕ್ಷದ ಗೆಲುವಿಗೂ ಸಾಕ್ಷಿ ಹೇಳಲು ಉಳಿದಿಲ್ಲ. ಅವರ ಚಿತಾಭಸ್ಮ ಸೊಲೆಂಟಿನಾಮೆಯ ಮಣ್ಣಿನಲ್ಲಿದೆ.