ಅರ್ಥ ಕಳೆದುಕೊಂಡ ದೀಪ

ಆಷಾಢದ ಜಡಿಮಳೆ ಮೂರನೆಯ ದಿನಕ್ಕೆ ಕಾಲಿಟ್ಟಿತ್ತು. ಸಕಲೇಶಪುರದ ಸೇತುವೆಯ ಕೆಳಗೆ ಹೇಮಾವತಿ ಕೆಂಪಗೆ ಹೊರಳುತ್ತಿದ್ದಳು. ಹೆದ್ದಾರಿಯ ಬದಿಯ ತಗಡಿನ ಶೆಡ್ಡಿನಲ್ಲಿ ಒಂದೇ ಬಲ್ಬು. ಅದರ ಕೆಳಗೆ ಬಿಚ್ಚಿಟ್ಟ ಸ್ಟಾರ್ಟರ್ ಮೋಟರುಗಳು, ತುಕ್ಕು ಹಿಡಿದ ಹಾರನ್ನುಗಳು, ಗೋಡೆಯ ಮೊಳೆಗೆ ಸಿಕ್ಕಿಸಿದ ಬಣ್ಣಬಣ್ಣದ ವೈರಿನ ಸುರುಳಿಗಳು. ಬ್ಯಾಟರಿ ಆಸಿಡ್ಡಿನ ಹುಳಿ ವಾಸನೆಗೆ ಪಕ್ಕದ ಹೋಟೆಲಿನ ಕಾಫಿ ಘಮ ಬೆರೆತಿತ್ತು.

ನಾನು ಅಲ್ಲಿ ನಿಲ್ಲಬೇಕೆಂದು ಹೊರಟವನಲ್ಲ. ಮಧ್ಯಾಹ್ನ ಬಾಳ್ಳುಪೇಟೆಯ ಹತ್ತಿರ ಹಂಪ್ ಕಂಡು ನಿಧಾನಿಸಿದಾಗ ಹಿಂದಿನಿಂದ ಬಂದ ಪಿಕಪ್ ವ್ಯಾನು ತಾಗಿತ್ತು. ಬಂಪರಿನ ಬಲಮೂಲೆ ಒಳಕ್ಕೆ ಕುಸಿದಿತ್ತು; ದೀಪದ ಗಾಜಿಗೆ ಕೂದಲೆಳೆಯಷ್ಟು ಬಿರುಕು. ವ್ಯಾನಿನ ಹುಡುಗ ಕೈಮುಗಿದ. ಯಾರಿಗೂ ಪೆಟ್ಟಾಗಿರಲಿಲ್ಲ. ಲೈಟು ಹಾಕಿ ಹಿಂದೆ ಹೋಗಿ ನೋಡಿದೆ, ಎರಡೂ ಕಡೆ ಕೆಂಪು ಬೆಳಕಿತ್ತು. ಮಿಕ್ಕದ್ದನ್ನು ಮಂಗಳೂರಿನಲ್ಲಿ ನೋಡಿಕೊಂಡರಾಯಿತು ಎಂದು ಹೊರಟೆ. ಸಕಲೇಶಪುರದಲ್ಲಿ ಕಾಫಿಗೆ ನಿಲ್ಲಿಸಿದಾಗ, ನನ್ನ ಹಿಂದೆಯೇ ಬಂದಿದ್ದ ಬಸ್ಸಿನ ಚಾಲಕರು ಇಳಿದು ಬಂದು ಕಿಟಕಿ ತಟ್ಟಿದರು. "ಬ್ರೇಕ್ ಹಿಡಿದಾಗೆಲ್ಲ ನಿಮ್ಮ ಬಲಗಡೆ ಲೈಟು ಆರಿಹೋಗ್ತದೆ ಸರ್. ಹಿಂಗೇ ಘಾಟಿ ಇಳೀಬೇಡಿ."

ಬ್ರೇಕ್ ಒತ್ತಿದರೆ ಹೆಚ್ಚು ಉರಿಯಬೇಕಾದ ದೀಪ ಆರುವುದು ಹೇಗೆ? ನನಗೆ ತಲೆಬುಡ ತಿಳಿಯಲಿಲ್ಲ.

ಶೆಡ್ಡಿನ ಮೇಸ್ತ್ರಿಗೆ ಅರವತ್ತರ ಹತ್ತಿರದ ವಯಸ್ಸು. ಕನ್ನಡಕದ ಒಂದು ಕಡ್ಡಿಯ ಬದಲು ದಾರ. ಕೇಳಿದ್ದು ಒಂದೇ ಮಾತು: "ಹೆಡ್‌ಲೈಟ್ ಹಾಕಿ, ಬ್ರೇಕ್ ಒತ್ತಿ, ಬಿಡಿ. ಈಗ ಬಲಗಡೆ ಇಂಡಿಕೇಟರ್." ಡ್ಯಾಶ್‌ಬೋರ್ಡಿನಲ್ಲಿ ಟಿಕ್ ಟಿಕ್ ಸದ್ದು ಅವಸರ ಅವಸರವಾಗಿ ಓಡಿತು. ಹಿಂದೆ ಹಳದಿ ಗಾಜಿನ ಜೊತೆಗೆ ಕೆಂಪು ಗಾಜೂ ಮಂಕಾಗಿ ಮಿಣುಕುತ್ತಿತ್ತಂತೆ. ಮೇಸ್ತ್ರಿ ತಲೆಯಾಡಿಸಿದರು. "ಅರ್ಥ್ ಹೋಗಿದೆ ಸಾರ್. ಡಿಕ್ಕಿ ತೆಗೀರಿ."

ಅವರ ಬಾಯಲ್ಲಿ ಅದು 'ಅರ್ಥ' ಎಂದೇ ಕೇಳಿಸಿತು.

ರೋಗ ಗೊತ್ತಾಯಿತೆಂದು ಅವರು ನೇರವಾಗಿ ವೈರಿಗೆ ಕೈಹಾಕಲಿಲ್ಲ. ಕೆಲಸ ಬಲ್ಲವರ ಗುರುತು ಅದೇ ಎಂದು ನನ್ನ ಎಣಿಕೆ. ಮೊದಲು ಫ್ಯೂಸ್ ಎಳೆದು ಬೆಳಕಿಗೆ ಹಿಡಿದರು, ತಂತಿ ನೆಟ್ಟಗಿತ್ತು. ಆಮೇಲೆ ಬಲ್ಬು. ಅದರೊಳಗೆ ಎರಡು ಫಿಲಮೆಂಟ್, ಹಿಂಬದಿಯ ದೀಪಕ್ಕೆ 5 ವ್ಯಾಟಿನದು, ಬ್ರೇಕಿಗೆ 21 ವ್ಯಾಟಿನದು. ಗುದ್ದಿದ ಕ್ಷಣದಲ್ಲಿ ಉರಿಯುತ್ತಿದ್ದರೆ ಕಾದ ತಂತಿ ಕಡಿದುಹೋಗುವುದುಂಟಂತೆ. ಕಡಿದಿರಲಿಲ್ಲ. ಆದರೂ ಎಡಗಡೆಯ ಬಲ್ಬನ್ನು ಬಲಕ್ಕೆ ಹಾಕಿ ನೋಡಿದರು. ಅದೇ ಆಟ.

ಈಗ ಟೆಸ್ಟ್ ಲ್ಯಾಂಪ್ ಬಂತು: ಒಂದು ಹಳೆ ಬಲ್ಬು, ಎರಡು ಉದ್ದ ವೈರು, ಒಂದರ ತುದಿಗೆ ಕ್ಲಿಪ್ಪು, ಇನ್ನೊಂದಕ್ಕೆ ಗೋಣಿ ಹೊಲಿಯುವ ದಬ್ಬಣ. ಕ್ಲಿಪ್ಪನ್ನು ಬಾಡಿಗೆ ಕಚ್ಚಿಸಿ ದಬ್ಬಣವನ್ನು ಹೋಲ್ಡರಿಗೆ ಕರೆಂಟು ಬರುವ ವೈರಿಗೆ ತಾಗಿಸಿದಾಗ ಬಲ್ಬು ಝಗ್ಗನೆ ಹೊತ್ತಿತು. ಕರೆಂಟು ಬರುತ್ತಿದೆ. ಕ್ಲಿಪ್ಪನ್ನು ಆ ವೈರಿಗೇ ಹಾಕಿ ದಬ್ಬಣವನ್ನು ಹೋಲ್ಡರಿನ ಕಪ್ಪು ವೈರಿಗೆ ಮುಟ್ಟಿಸಿದರು. ಬೆಳಕೇ ಇಲ್ಲವೆನ್ನುವಷ್ಟು ಮಂಕು. "ಬರೋ ದಾರಿ ಇದೆ, ಹೋಗೋ ದಾರಿ ಇಲ್ಲ" ಎಂದರು.

ಕಾರಿನಲ್ಲಿ ಬ್ಯಾಟರಿಯಿಂದ ಹೊರಟ ಕರೆಂಟು ದೀಪ ಉರಿಸಿ ವಾಪಸಾಗುವುದು ಬಾಡಿಯ ತಗಡಿನ ಮೂಲಕ. ಆ ತಗಡೇ ಅರ್ಥ್. ಕಪ್ಪು ವೈರು ಅದಕ್ಕೆ ಬಾಗಿಲು. ಆ ಬಾಗಿಲು ಮುಚ್ಚಿದರೆ ಕರೆಂಟು ಸುಮ್ಮನಿರುವುದಿಲ್ಲ, ಕಳ್ಳದಾರಿ ಹುಡುಕುತ್ತದೆ. 5 ವ್ಯಾಟಿನ ಫಿಲಮೆಂಟ್ ದಾಟಿ, ಬ್ರೇಕಿನ ಫಿಲಮೆಂಟಿನೊಳಗೆ ಹಿಮ್ಮುಖವಾಗಿ ನುಗ್ಗಿ, ಎಡಗಡೆಯ ಬ್ರೇಕ್ ಬಲ್ಬಿನ ಮೂಲಕ ತಗಡು ಸೇರುತ್ತದೆ. ಹಾಗಾಗಿ ಲೈಟು ಹಾಕಿದಾಗ ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ. ಬ್ರೇಕ್ ಒತ್ತಿದೊಡನೆ ಆ ಕಳ್ಳದಾರಿಯ ಎದುರಿನಿಂದಲೂ 12 ವೋಲ್ಟು ಬಂದು ನಿಲ್ಲುತ್ತದೆ. ಎರಡು ಕಡೆಯಿಂದಲೂ ಸಮನಾಗಿ ತಳ್ಳಿದ ಬಾಗಿಲಿನಂತೆ ಏನೂ ಅಲುಗುವುದಿಲ್ಲ. ದೀಪ ಆರುತ್ತದೆ. ಬಾಳ್ಳುಪೇಟೆಯಲ್ಲಿ ನಾನು ಕಂಡು ಸಮಾಧಾನಪಟ್ಟ ಬೆಳಕು ಇಂಥದ್ದು.

ಡಿಕ್ಕಿಯ ಒಳಗಿನ ರಟ್ಟು ತೆಗೆದರು. ಕಪ್ಪು ವೈರು ಮೂಲೆಯ ಒಂದು ಬೋಲ್ಟಿಗೆ ಹೋಗಿತ್ತು. ಪೆಟ್ಟಿಗೆ ಅಲ್ಲಿನ ತಗಡು ಸುಕ್ಕಾಗಿ ವೈರಿನ ತುದಿಯ ಲಗ್ಗು ಸೀಳಿತ್ತು. ಕೆಳಗೆ ವರ್ಷಗಳ ತುಕ್ಕು. ಅಷ್ಟೇ ಅಲ್ಲ, ಬಂಪರಿನ ಅಂಚಿಗೆ ಸಿಕ್ಕಿದ ಇನ್ನೊಂದು ವೈರಿನ ಸಿಪ್ಪೆ ಹರಿದು ತಾಮ್ರ ಇಣುಕುತ್ತಿತ್ತು. ಅದು ತಗಡಿಗೆ ಮುಟ್ಟಿದ್ದರೆ ಫ್ಯೂಸ್ ಹಾರಿ ದೀಪಗಳು ಒಟ್ಟಿಗೆ ಆರುತ್ತಿದ್ದವು. ಬಹುಶಃ ಘಾಟಿಯ ನಡುವೆ.

ಕೆಲಸದ ಹುಡುಗ ಉಜ್ಜು ಕಾಗದ ತಂದ. ತಗಡು ಬೆಳ್ಳಿಯಂತೆ ಹೊಳೆಯುವವರೆಗೂ ಉಜ್ಜಿಸಿದರು. "ಪೇಂಟಿನ ಮೇಲೆ ಬೋಲ್ಟ್ ಬಿಗಿದ್ರೆ ಕಟ್ಟಿದ್ದೂ ಒಂದೇ ಬಿಟ್ಟಿದ್ದೂ ಒಂದೇ ಕಣೋ" ಎಂದು ಅವನಿಗೆ ಹೇಳಿದರು. ಹೊಸ ಲಗ್ಗು ಒತ್ತಿ, ಬೆಸುಗೆ ಹಾಕಿ, ಬೋಲ್ಟು ಬಿಗಿದು, ಮೇಲೆ ಗ್ರೀಸು ಸವರಿದರು. ಹರಿದ ವೈರನ್ನು ಹೆಣೆದು ಟೇಪು ಸುತ್ತಲು ಹೋದ ಹುಡುಗನ ಕೈ ತಡೆದರು. ಬರೀ ಹೆಣೆದ ತಾಮ್ರ ಮಲೆನಾಡಿನ ಮಳೆಗೆ ಹಸಿರಾಗಿ ಪುಡಿಯಾಗುತ್ತದಂತೆ. ಅಲ್ಲಿಗೂ ಬೆಸುಗೆ, ಅದರ ಮೇಲೆ ಸ್ಲೀವು, ಲೈಟರಿನ ಉರಿಗೆ ಅದು ಕುಗ್ಗಿ ವೈರನ್ನು ಅಪ್ಪಿಕೊಂಡಿತು. ಗಾಜಿನ ಬಿರುಕಿಗೆ ನೀರು ಹೋಗದಂತೆ ಸದ್ಯಕ್ಕೆ ಟೇಪು.

"ಬ್ರೇಕ್ ಒತ್ತಿ." ಒತ್ತಿದೆ. ಹಿಂದಿನ ಗೋಡೆಯ ಒದ್ದೆ ಸುಣ್ಣದ ಮೇಲೆ ಎರಡು ಕೆಂಪು ವೃತ್ತಗಳು, ಸಮನಾಗಿ, ಅರಳಿದವು. ಕನ್ನಡಿಯಲ್ಲಿ ಅದನ್ನು ನೋಡಿದಾಗ ಆದ ಸಂತೋಷ ಸಣ್ಣದಲ್ಲ.

ಕೂಲಿ 350 ರೂಪಾಯಿ. ಒಂದು ತಾಸಿನ ಕೆಲಸ, ಮೊಣಕಾಲೂರಿ ಒದ್ದೆ ನೆಲದಲ್ಲಿ. ಕಮ್ಮಿಯಾಯಿತೆಂದು ಹೇಳಿ ಇನ್ನೂ 150 ಸೇರಿಸಿ ಕೊಟ್ಟೆ. ಅವರು ಅದನ್ನು ಹುಡುಗನ ಕೈಗಿತ್ತರು.

ದೋಣಿಗಾಲ್ ದಾಟಿ ಮಾರನಹಳ್ಳಿ ಸಮೀಪಿಸುವಾಗ ಮಂಜು ರಸ್ತೆಗೇ ಇಳಿದಿತ್ತು. ಮುಂದಿನ ಲಾರಿಯ ಆಕಾರವೇ ಇಲ್ಲ, ಎರಡು ಕೆಂಪು ಚುಕ್ಕೆಗಳು ಮಾತ್ರ. ಅವು ಗಾಢವಾದರೆ ನಾನು ಬ್ರೇಕ್ ಒತ್ತುತ್ತಿದ್ದೆ. ನನ್ನವು ಗಾಢವಾದದ್ದನ್ನು ಕಂಡು ಹಿಂದಿನವರು. ಗುಂಡ್ಯದವರೆಗೂ ನಾವೆಲ್ಲ ಹೀಗೆ ಒಬ್ಬರ ದೀಪ ಹಿಡಿದು ಒಬ್ಬರು ಇಳಿದೆವು.

ಸೂರ್ಯ ಮುಳುಗಿದ ಅರ್ಧ ಗಂಟೆಯಿಂದ ದೀಪ ಉರಿಯಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಆದರೆ ಉರಿದರಷ್ಟೇ ಸಾಲದು. ನಿಮ್ಮ ಗಾಡಿಗೆ ಹಿಂದಿನಿಂದ ಎಷ್ಟೇ ಮೆಲ್ಲಗೆ ತಾಗಿರಲಿ, ಲೈಟು ಹಾಕಿ ನೋಡಿ ಹೊರಟುಬಿಡಬೇಡಿ. ಒಬ್ಬರನ್ನು ಹಿಂದೆ ನಿಲ್ಲಿಸಿ, ಲೈಟು ಉರಿಯುತ್ತಿರುವಾಗಲೇ ಬ್ರೇಕ್ ಒತ್ತಿ, ಏನು ಕಾಣಿಸಿತೆಂದು ಕೇಳಿ.