ವೇಗದ ಪೆಟ್ಟಿಗೆಯ ಆರೈಕೆ

ಕಲಬುರಗಿಯ ಹೆಸರಿನೊಡನೆ ತೊಗರಿಯ ಹೆಸರೂ ಬೆಸೆದುಕೊಂಡಿದೆ. ಇಲ್ಲಿಯ ತೊಗರಿಬೇಳೆಗೆ ೨೦೧೯ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಶಹಾಬಜಾರದ ಅಂಗಡಿಯಲ್ಲಿ ಬೇಳೆ ಕೊಳ್ಳುವವರಿಗೆ ಹೊಲ ನೆನಪಾದೀತು, ಅಡುಗೆ ನೆನಪಾದೀತು. ಕಾಳು ಬೇಳೆಯಾಗುವ ಗಿರಣಿ ನೆನಪಾಗುವುದು ಅಪರೂಪ. ಇಂದಿನ ಹಲವು ಗಿರಣಿಗಳ ಗೋಡೆಯ ಮೇಲೆ ಪೆಟ್ಟಿಗೆಯೊಂದು ಮೌನವಾಗಿ ದುಡಿಯುತ್ತಿರುತ್ತದೆ. ಕೆಲಸಗಾರರು ಅದನ್ನು ‘ಡ್ರೈವ್’ ಎನ್ನುತ್ತಾರೆ. ಮೋಟಾರಿನ ವೇಗವನ್ನು ಹಿಡಿತದಲ್ಲಿಡುವ ಈ ಪೆಟ್ಟಿಗೆಯ ಆರೈಕೆಯನ್ನು ಕುರಿತು ಕೆಲವು ಮಾತು ಹೇಳುವುದು ನನ್ನ ಉದ್ದೇಶ.

ಮೋಟಾರಿನ ವೇಗವು ಅದಕ್ಕೆ ದೊರೆಯುವ ವಿದ್ಯುತ್ತಿನ ಆವರ್ತನಕ್ಕೆ ಕಟ್ಟುಬಿದ್ದಿದೆ. ನಮ್ಮ ದೇಶದಲ್ಲಿ ಅದು ಸೆಕೆಂಡಿಗೆ ೫೦. ಆದ್ದರಿಂದ ನಾಲ್ಕು ಧ್ರುವಗಳ ಸಾಮಾನ್ಯ ಮೋಟಾರು ನಿಮಿಷಕ್ಕೆ ೧೫೦೦ ಸುತ್ತಿಗೆ ತುಸು ಕಡಮೆ ತಿರುಗುತ್ತದೆ. ಆದರೆ ಹೊಟ್ಟನ್ನು ತೂರುವ ಬೀಸಣಿಗೆಗೆ ಒಂದೇ ವೇಗ ಸಾಲದು. ಗಾಳಿ ಹೆಚ್ಚಾದರೆ ನುಚ್ಚೂ ಹೊಟ್ಟಿನೊಡನೆ ಹಾರುತ್ತದೆ. ಕಡಮೆಯಾದರೆ ಹೊಟ್ಟು ಬೇಳೆಯಲ್ಲೇ ಉಳಿಯುತ್ತದೆ. ಕಣದಲ್ಲಿ ರಾಶಿ ತೂರುವ ರೈತ ಗಾಳಿಗಾಗಿ ಕಾಯುತ್ತಿದ್ದ; ಇಲ್ಲಿ ಗಾಳಿಯೇ ಅಪ್ಪಣೆಗಾಗಿ ಕಾಯುತ್ತದೆ. ಡ್ರೈವ್ ಒಳಬಂದ ವಿದ್ಯುತ್ತನ್ನು ಮೊದಲು ಏಕಮುಖವಾಗಿಸಿ, ಕೆಪಾಸಿಟರುಗಳಲ್ಲಿ ಹದಗೊಳಿಸಿ, ಬಳಿಕ ಸೆಕೆಂಡಿಗೆ ಸಾವಿರಾರು ಸಲ ತೆರೆದು ಮುಚ್ಚುವ ಅರೆವಾಹಕ ಸ್ವಿಚ್ಚುಗಳ ಮೂಲಕ ಬೇಕಾದ ಆವರ್ತನಕ್ಕೆ ತರುತ್ತದೆ. ಐಜಿಬಿಟಿ ಎಂಬ ಈ ಸ್ವಿಚ್ಚನ್ನು ೧೯೮೦ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ರೂಪಿಸಿದವರಲ್ಲಿ ಪ್ರಮುಖರಾದ ಬಿ. ಜಯಂತ್ ಬಾಳಿಗ ಅವರು ಬೆಳೆದದ್ದು ಬೆಂಗಳೂರಿನ ಜಾಲಹಳ್ಳಿಯಲ್ಲಿ. ಬೀಸಣಿಗೆಯ ವೇಗವನ್ನು ನೂರರಿಂದ ಎಂಬತ್ತಕ್ಕೆ ಇಳಿಸಿದರೆ ಅದು ಬೇಡುವ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಈ ಉಳಿತಾಯವೇ ಡ್ರೈವನ್ನು ಗಿರಣಿಗೆ ಕರೆತಂದಿತು.

ಇಂಥ ಪೆಟ್ಟಿಗೆ ಒಂದು ದಿನ ಇದ್ದಕ್ಕಿದ್ದಂತೆ ಕೆಟ್ಟಿತೆಂದು ನಾವು ಹೇಳುತ್ತೇವೆ. ನಿಜವಾಗಿ ಅದು ತಿಂಗಳುಗಟ್ಟಲೆ ಕೆಡುತ್ತ ಬಂದಿರುತ್ತದೆ. ಅದರ ಮೊದಲ ಶತ್ರು ಶಾಖ. ಬಹುಪಾಲು ಡ್ರೈವುಗಳ ಪೂರ್ಣ ಸಾಮರ್ಥ್ಯವನ್ನು ಸುತ್ತಲ ಗಾಳಿ ೪೦ ಡಿಗ್ರಿ ಇರುವವರೆಗೆ ಎಂದು ಲೆಕ್ಕಹಾಕಿರುತ್ತಾರೆ. ನಮ್ಮ ಬೇಸಿಗೆ ಆ ಗೆರೆಯನ್ನು ಸುಲಭವಾಗಿ ದಾಟುತ್ತದೆಂಬುದು ನಿಮಗೆ ತಿಳಿಯದ್ದಲ್ಲ. ಕೆಪಾಸಿಟರಿನೊಳಗಿನ ದ್ರವ ಮೆಲ್ಲನೆ ಆರುತ್ತದೆ. ೧೦ ಡಿಗ್ರಿ ಶಾಖ ಹೆಚ್ಚಿದರೆ ಅದರ ಆಯುಷ್ಯ ಅರ್ಧವಾಗುತ್ತದೆಂಬುದು ತಜ್ಞರ ಸ್ಥೂಲ ಲೆಕ್ಕ. ಎರಡನೆಯ ಶತ್ರು ಧೂಳು. ಹೊಟ್ಟಿನ ಹುಡಿ ತಂಪುಗೊಳಿಸುವ ಲೋಹದ ಪಟ್ಟಿಗಳ ನಡುವೆ ಕಂಬಳಿಯಂತೆ ಹಾಸಿಕೊಂಡು, ಹೊರಗಿನ ಶಾಖಕ್ಕೆ ಒಳಗಿನ ಶಾಖವನ್ನೂ ಕೂಡಿಸುತ್ತದೆ.

ಮದ್ದು ದುಬಾರಿಯಲ್ಲ. ಗಾಳಿ ಸೋಸುವ ಜಾಲರಿಯನ್ನು ಆಗಾಗ ತೊಳೆದು ಒಣಗಿಸಬೇಕು. ಪಟ್ಟಿಗಳ ಹುಡಿಯನ್ನು ಒಣಗಾಳಿಯಿಂದ ತೆಗೆಯಬೇಕು. ಆಗ ಒಳಗಿನ ಪುಟ್ಟ ಫ್ಯಾನು ಗಿರ್ರನೆ ತಿರುಗದಂತೆ ಹಿಡಿದಿರಬೇಕು. ಆ ಫ್ಯಾನನ್ನು ಅದು ಕಿರುಗುಟ್ಟುವ ಮುನ್ನವೇ, ತಯಾರಕರು ಹೇಳಿದ ಅವಧಿಗೆ ಬದಲಿಸಬೇಕು. ಕಾದು ತಣಿದು ಸಡಿಲಗೊಂಡ ತಂತಿಯ ತಿರುಪುಗಳನ್ನು ಹೇಳಿದಷ್ಟೇ ಬಲದಿಂದ ಬಿಗಿಮಾಡಬೇಕು. ವರ್ಷಕ್ಕೂ ಮೀರಿ ಮೂಲೆಯಲ್ಲಿಟ್ಟ ಡ್ರೈವಿಗೆ ಒಮ್ಮೆಲೇ ಪೂರ್ಣ ವಿದ್ಯುತ್ತನ್ನು ಕೊಡಬಾರದು. ಉಪವಾಸವಿದ್ದವನಿಗೆ ಗಂಜಿಯಿಂದ ಆರಂಭಿಸುವಂತೆ ಅದರ ಕೆಪಾಸಿಟರುಗಳಿಗೆ ಮೆಲ್ಲಮೆಲ್ಲನೆ ಉಣಿಸಬೇಕು. ಮೋಟಾರಿನ ನಿರೋಧಕವನ್ನು ಮೆಗ್ಗರಿನಿಂದ ಅಳೆಯುವ ಮುನ್ನ ಡ್ರೈವಿನ ತಂತಿಗಳನ್ನು ಬಿಡಿಸಲೇಬೇಕು. ಇಲ್ಲವಾದರೆ ಪರೀಕ್ಷೆಯೇ ಡ್ರೈವನ್ನು ಕೊಂದೀತು.

ಇನ್ನೊಂದು ಎಚ್ಚರಿಕೆ ಮನುಷ್ಯಜೀವಕ್ಕೆ ಸಂಬಂಧಿಸಿದ್ದು. ಸ್ವಿಚ್ಚು ಆರಿಸಿದೊಡನೆ ಡ್ರೈವ್ ಸತ್ತಂತೆ ಕಾಣುತ್ತದೆ. ಆದರೆ ಮೂರು ಫೇಸಿನ ಡ್ರೈವಿನ ಕೆಪಾಸಿಟರುಗಳಲ್ಲಿ ೫೦೦ಕ್ಕೂ ಮಿಕ್ಕ ವೋಲ್ಟು ಇನ್ನೂ ಅಡಗಿರುತ್ತದೆ. ಅದು ಇಳಿಯಲು ಐದು ನಿಮಿಷವೋ, ದೊಡ್ಡದಾದರೆ ಹದಿನೈದು ನಿಮಿಷವೋ ಬೇಕು. ಆ ಅವಧಿಯನ್ನು ಪೆಟ್ಟಿಗೆಯ ಮೇಲೆಯೇ ಬರೆದಿರುತ್ತಾರೆ. ಕಾದ ಮೇಲೂ ಮೀಟರಿನಿಂದ ಅಳೆದೇ ಕೈಯಿಡಬೇಕು. ‘ಬೇಗ ಮಾಡು’ ಎಂಬ ಮಾಲೀಕನ ಕೂಗಿಗಿಂತ ಆ ಬರಹದ ಮಾತು ದೊಡ್ಡದು.

ತೊಗರಿಯ ಸುಗ್ಗಿ ಡಿಸೆಂಬರಿನಿಂದ ಏರುತ್ತದೆ. ಆ ದಿನಗಳಲ್ಲಿ ಡ್ರೈವ್ ನಿಂತರೆ ಕಾಳಿನ ಚೀಲಗಳು ಅಂಗಳದಲ್ಲಿ ಉಳಿಯುತ್ತವೆ. ಅಂದಿನ ಕೂಲಿಯನ್ನೇ ನೆಚ್ಚಿದವರು ಬರಿಗೈಯಲ್ಲಿ ಮನೆಗೆ ಹೋಗುತ್ತಾರೆ. ಯಂತ್ರ ಕೆಟ್ಟದ್ದರ ದಂಡವನ್ನು ಎಲ್ಲರಿಗಿಂತ ಮೊದಲು ತೆರುವವರು, ಅದರ ಬಾಗಿಲನ್ನೇ ತೆರೆಯುವ ಅಧಿಕಾರವಿಲ್ಲದವರು. ಆದುದರಿಂದ ನನ್ನ ಸೂಚನೆ ಇಷ್ಟೆ: ಸುಗ್ಗಿಗೆ ಮುಂಚೆ ನವೆಂಬರಿನಲ್ಲೊಂದು ದಿನ, ಬಿಸಿಲು ಬಲಿಯುವ ಮುನ್ನ ಮಾರ್ಚಿನಲ್ಲೊಂದು ದಿನ ಗಿರಣಿಯನ್ನು ನಾವಾಗಿಯೇ ನಿಲ್ಲಿಸೋಣ. ನೋಡಿದ್ದನ್ನು, ಬದಲಿಸಿದ್ದನ್ನು ಒಂದು ವಹಿಯಲ್ಲಿ ಬರೆದಿಡೋಣ. ಆ ಎರಡು ದಿನಗಳ ಕೂಲಿಯೂ ಕೆಲಸಗಾರರಿಗೆ ಸಲ್ಲಲಿ. ಅದನ್ನೂ ಆರೈಕೆಯ ವೆಚ್ಚವೆಂದೇ ಎಣಿಸಬೇಕು.